ಒದ್ದೆ ನೆಲದ ಆ ಒಂದು ಸಾಲು

ತಂಗಿ, ನಿಮ್ಮ ಕಾದಂಬರಿಯ ಎರಡನೇ ಭಾಗ ಓದಿ ಮುಗಿಸಿದೆ. 212 ಪುಟ, ಮೂರು ರಾತ್ರಿ. ಮೊದಲು ಹೊಗಳಿ ಆಮೇಲೆ ಬೈಯುವುದು ನನಗೆ ಬರುವುದಿಲ್ಲ, ನೇರ ಹೇಳುತ್ತೇನೆ: ಈಗಿರುವ ಹಾಗೆ ಇದನ್ನು ನಾವು ಅಚ್ಚು ಹಾಕುವುದಿಲ್ಲ.

ಮೊದಲನೇ ಭಾಗ ನನಗೆ ಯಾಕೆ ಹಿಡಿಸಿತ್ತು ಗೊತ್ತಾ? ಗದಗಿನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಗಂಗಾ, ಲಕ್ಕುಂಡಿಯ ಮುಸುಕಿನ ಬಾವಿ ಅನ್ನುವ ಹಳೇ ಮೆಟ್ಟಿಲುಬಾವಿಯಲ್ಲಿರುವ ಯಕ್ಷ, ಇಬ್ಬರ ಪ್ರೀತಿ. ಯಕ್ಷನಿಗೆ ಶಾಪದ ಒಂದೇ ಕಟ್ಟಳೆ, ನೀರು ಮುಟ್ಟಿದ ಮೆಟ್ಟಿಲು ಬಿಟ್ಟು ಮೇಲೆ ಬರುವಂತಿಲ್ಲ. ಮಳೆಯಾದರೆ ನಾಲ್ಕು ಮೆಟ್ಟಿಲು ಮೇಲೆ, ಬೇಸಿಗೆಯಲ್ಲಿ ತಳಕ್ಕೆ. ನಮ್ಮ ಕಡೆ ಮಳೆಯ ಹಣೆಬರಹ ನಿಮಗೆ ಹೇಳಬೇಕಾ? ಹಿಂಗಾರು ಕೈಕೊಟ್ಟ ವರ್ಷ ಆ ಹುಡುಗಿ ಬಸ್ಸಿನಲ್ಲಿ ಕೂತು ಮೋಡ ನೋಡುವುದನ್ನು ಓದುತ್ತ ನಾನು ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೊರಟಿದ್ದೆ, ಅಣ್ಣಿಗೇರಿ ದಾಟಿದ್ದೇ ಗೊತ್ತಾಗಲಿಲ್ಲ, ಕೈಯಲ್ಲಿದ್ದ ಗಿರ್ಮಿಟ್ ಮೆತ್ತಗಾಗಿ ಹೋಗಿತ್ತು.

ಎರಡನೇ ಭಾಗ ಶುರುವಾದ ಹತ್ತೇ ಪುಟಕ್ಕೆ ಶಾಪ ವಿಮೋಚನೆ! ಆಮೇಲೆ ಯಕ್ಷ ಹಾರುತ್ತಾನೆ, ಏಳು ಲೋಕ ಸುತ್ತುತ್ತಾನೆ, ಯಾವನೋ ಕತ್ತಲೆ ರಾಜನ ಜೊತೆ 60 ಪುಟ ಕಾದಾಡುತ್ತಾನೆ. ಗಂಗಾ? ಅಳುತ್ತಾಳೆ. ಎಣಿಸಿದೆ, 31 ಸಲ. ಮಡಿಸಿದ ಹಾಳೆಯ ಫಾರಂ ಹೊಲಿಯುತ್ತ ಮಾಲೀಕನಿಗೇ ಎದುರು ಮಾತಾಡುತ್ತಿದ್ದವಳು ಎಲ್ಲಿ ಹೋದಳು? ಇಬ್ಬರೂ ದೂರಾಗಲಿ ಅಂತ ಸುಮ್ನೆ ಒಂದು ತಪ್ಪು ತಿಳಿವಳಿಕೆ ತಂದಿದ್ದೀರಲ್ಲ, ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಯಕ್ಷನ ಹತ್ತಿರ ಮೊಬೈಲ್ ಇದೆ ಅಂತ ನೀವೇ ಬರೆದಿದ್ದೀರಿ.

ಇಬ್ಬರೂ ಸೇರಲಿ ಅಂತ ಓದುಗರು ಕೇಳಿದರು, ಅದಕ್ಕೇ ಶಾಪ ತೆಗೆದೆ ಅಂತ ನಿಮ್ಮ ಪತ್ರದಲ್ಲಿದೆ. ಕೇಳಿದವರಲ್ಲಿ ನಾನೂ ಒಬ್ಬ. ಆದರೆ ಹೀಗೆ ಪುಗಸಟ್ಟೆ ಕೊಟ್ಟುಬಿಡಿ ಅಂತ ಯಾರೂ ಕೇಳಿರಲಿಲ್ಲ.

ಈಗ 87ನೇ ಪುಟ ತೆಗೆಯಿರಿ. ಯಕ್ಷ ಗಂಗಾಳ ಮನೆಗೆ ಬಂದಿದ್ದಾನೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಎಣ್ಣೆಗಾಯಿ ಬಡಿಸುತ್ತಾಳೆ. ಅವನು ಎದ್ದು ಹೋದ ಮೇಲೆ ಕೂತ ಜಾಗದಲ್ಲಿ ನೆಲ ಒದ್ದೆ. ನೀರು ಚೆಲ್ಲಿದವರು ಯಾರು ಅಂತ ಗೊಣಗುತ್ತ ಅವ್ವ ಹಳೇ ಸೀರೆ ತುಂಡಿನಲ್ಲಿ ಒರೆಸುತ್ತಾಳೆ. ಗಂಗಾ ನೋಡುತ್ತಾಳೆ, ಒದ್ದೆ ನಿನ್ನೆಗಿಂತ ಸಣ್ಣದಾಗಿದೆ. ಅಷ್ಟೇ! ಮುಂದಿನ ಸಾಲಿಗೆ ನೀವು ಯುದ್ಧಕ್ಕೆ ಹೋಗಿಬಿಟ್ಟಿರಿ. ಅಯ್ಯೋ ತಂಗಿ, ನಿಮ್ಮ ಎರಡನೇ ಭಾಗ ಇಡೀ ಆ ಸಾಲಿನಲ್ಲಿ ಕೂತಿದೆಯಲ್ಲ! ಬಾವಿ ಬಿಟ್ಟು ಬಂದವನು ದಿನಾ ಒಂಚೂರು ಒಣಗುತ್ತಿದ್ದಾನೆ. ಅವಳೊಬ್ಬಳಿಗೇ ಗೊತ್ತು. ಹೇಳಿದರೆ ಅವನು ವಾಪಸ್ ಇಳಿಯಬೇಕು, ಹೇಳದಿದ್ದರೆ ಇರುವುದೇ ಇಲ್ಲ. ಹೇಳುತ್ತಾಳಾ? ಎಷ್ಟು ದಿನ ಮುಚ್ಚಿಡುತ್ತಾಳೆ? ಅದನ್ನು ಬರೆಯಿರಿ.

ಅತ್ತಿಮಬ್ಬೆಯ ಮೇಲಿನ ನಾಲ್ಕು ಪುಟ ಪಾಠ ಓದಿದ ಹಾಗಿದೆ. ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದವಳು, ಅದೇ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ದಿನವಿಡೀ ಪುಸ್ತಕ ಹೊಲಿಯುವ ಹುಡುಗಿ ಆ ಬಸದಿ ಮುಂದೆಯೇ ನಡೆದು ಬಾವಿಗೆ ಹೋಗುತ್ತಾಳೆ, ಆ ಸಾವಿರ ಪ್ರತಿ ಒಂದು ಸಲವೂ ನೆನಪಾಗಲ್ಲ ಅಂದರೆ ಹೇಗೆ? ಪಾಠ ತೆಗೆದು ಅವಳ ಬೆರಳಿಗೆ ಕೊಡಿ.

ಇನ್ನೊಂದು, ಲಕ್ಕುಂಡಿಯಲ್ಲಿ ನಿಂತರೆ ಸೂರ್ಯ ಕಪ್ಪತಗುಡ್ಡದ ಹಿಂದಿನಿಂದ ಹುಟ್ಟುವುದಿಲ್ಲ, ಗುಡ್ಡ ಇರುವುದು ದಕ್ಷಿಣಕ್ಕೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೆಬ್ಬಾತುಗಳು ಬರುವುದು ಚಳಿಗಾಲಕ್ಕೆ, ನೀವು ಆಷಾಢದಲ್ಲೇ ಇಳಿಸಿದ್ದೀರಿ. ಗದಗಿನವರಾಗಿ ಹೀಗೆ ಬರೆದರೆ ನಾನು ಧಾರವಾಡದಲ್ಲಿ ಕೂತು ನಗಬೇಕಾಗುತ್ತದೆ.

ಯುದ್ಧದ ಪುಟ ಹರಿಯಬೇಡಿ, ಎತ್ತಿಡಿ, ಬೇರೆ ಕಥೆಗೆ ಆದೀತು. ದೀಪಾವಳಿ ಹೊತ್ತಿಗೆ ಹೊಸದಾಗಿ ಬರೆದ ಐದು ಅಧ್ಯಾಯ ಕಳಿಸಿ, ಜಾಸ್ತಿ ಬೇಡ. ಅವ್ವನನ್ನು ಮಾತ್ರ ಒಲೆ ಮುಂದಿನಿಂದ ಬೇಗ ಎಬ್ಬಿಸಬೇಡಿ. ಆ ನೆಲ ಒರೆಸಿದಾಕೆಗೆ ಎಲ್ಲ ಗೊತ್ತಿದೆ ಅಂತ ನನಗೆ ಅನುಮಾನ.