ಐದನೆಯ ಸಂಪುಟದಿಂದ ಒಳಹೊಕ್ಕವರಿಗೆ

ಬಸವನಗುಡಿಯ ಓದುಗರೊಬ್ಬರು ಬರೆದಿದ್ದಾರೆ: “ಹಳೆಯ ಪುಸ್ತಕದಂಗಡಿಯಲ್ಲಿ ಬೆನ್ ಆರೊನೊವಿಚ್ ಅವರ ‘ಫಾಕ್ಸ್‌ಗ್ಲವ್ ಸಮ್ಮರ್’ ಸಿಕ್ಕಿತು. ಲಂಡನ್ನಿನ ಮಾಂತ್ರಿಕ ಪೊಲೀಸನ ಸರಣಿಯೆಂದು ಕೊಂಡೆ. ಓದಿದರೆ ಕಥೆಯೆಲ್ಲ ಹಳ್ಳಿಗಾಡಿನಲ್ಲಿ ನಡೆಯುತ್ತದೆ; ಲೆಸ್ಲಿ ಎಂಬವಳ ಮಾತು ಬಂದಾಗಲೆಲ್ಲ ನಾಯಕ ಮುದುಡಿಕೊಳ್ಳುತ್ತಾನೆ. ನಡುವಿನಿಂದ ಶುರು ಮಾಡಿದ್ದು ನನ್ನ ತಪ್ಪೇ, ತನ್ನ ಕಾಲ ಮೇಲೆ ನಿಲ್ಲದ ಕಾದಂಬರಿ ಬರೆದದ್ದು ಲೇಖಕರ ತಪ್ಪೇ?”

ತಪ್ಪು ಇಬ್ಬರದೂ ಅಲ್ಲ. ಆದರೆ ನಿಮಗೆ ದಕ್ಕಬೇಕಾದದ್ದರಲ್ಲಿ ಅರ್ಧವಷ್ಟೇ ದಕ್ಕಿತಲ್ಲ ಎಂಬ ಸಂಕಟ ನನ್ನದು.

2014ರಲ್ಲಿ ಬಂದ ಆ ಕಾದಂಬರಿ ಸರಣಿಯಲ್ಲಿ ಐದನೆಯದು. ಪತ್ತೇದಾರಿಯ ಮಟ್ಟಿಗೆ ಅದಕ್ಕೆ ಯಾರ ಆಸರೆಯೂ ಬೇಡ. ಹೆರೆಫರ್ಡ್‌ಶೈರಿನ ಹಳ್ಳಿಯಲ್ಲಿ ಹನ್ನೊಂದು ವರ್ಷದ ಇಬ್ಬರು ಹುಡುಗಿಯರು ಕಾಣೆಯಾಗುತ್ತಾರೆ, ನಾಯಕ ಪೀಟರ್ ಗ್ರಾಂಟ್ ಹೋಗುತ್ತಾನೆ, ಹುಡುಕಾಟಕ್ಕೊಂದು ಕೊನೆ ಸಿಗುತ್ತದೆ. ಲೆಸ್ಲಿಯ ವಿಷಯ ಹಾಗಲ್ಲ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳ ನೆತ್ತಿಯಲ್ಲಿ ‘ಇಲ್ಲಿಯವರೆಗೆ’ ಎಂದು ನಾಲ್ಕು ಸಾಲು ಅಚ್ಚಾಗುತ್ತಿದ್ದವು. ಘಟನೆಗಳನ್ನು ಹಾಗೆ ದಾಟಿಸಬಹುದು, ಒಡನಾಟವನ್ನು ದಾಟಿಸಲಾಗದು.

2011ರ ಮೊದಲ ಸಂಪುಟ ‘ರಿವರ್ಸ್ ಆಫ್ ಲಂಡನ್’ ಶುರುವಾಗುವುದು ಕೋವೆಂಟ್ ಗಾರ್ಡನ್ನಿನ ಚರ್ಚೊಂದರ ಎದುರು. ಚಳಿಯ ರಾತ್ರಿ, ಕೊಲೆ ನಡೆದ ಜಾಗ, ಕಾವಲಿಗೆ ಇಬ್ಬರು ಎಳೆಯ ಕಾನ್‌ಸ್ಟೇಬಲ್‌ಗಳು. ಲೆಸ್ಲಿ ಕಾಫಿ ತರಲು ಹೋಗುತ್ತಾಳೆ. ಅವಳಿಲ್ಲದ ಆ ಸ್ವಲ್ಪ ಹೊತ್ತಿನಲ್ಲೇ ದೆವ್ವವೊಂದು ಪೀಟರನಿಗೆ ಸಾಕ್ಷಿ ಹೇಳಲು ಬರುತ್ತದೆ. ಇಬ್ಬರಲ್ಲಿ ಚುರುಕಿನ ಪೊಲೀಸ್ ಅವಳೇ. ಮಾಂತ್ರಿಕ ಲೋಕದ ದಾರಿ ತೆರೆದುಕೊಂಡದ್ದು ಅವನಿಗೆ. ನಾಲ್ಕನೆಯ ಸಂಪುಟದ ಕೊನೆಯಲ್ಲಿ ಅವರಿಬ್ಬರ ನಡುವೆ ನಡೆದದ್ದನ್ನು ಐದನೆಯದು ನಿಮಗೆ ತಿಳಿಸಿದೆ ನಿಜ. ತಿಳಿಯುವುದು ಬೇರೆ, ತಾಗುವುದು ಬೇರೆ. ಹಳ್ಳಿಯಲ್ಲಿದ್ದಾಗ ಅವಳಿಂದ ಮೊಬೈಲಿಗೆ ಸಂದೇಶ ಬರುತ್ತದಲ್ಲ, ಅಲ್ಲಿ ನನಗೆ ನೆನಪಾದದ್ದು ಆ ಕಾಫಿ.

ಇನ್ನು ನಗರವಿಲ್ಲವೆಂಬ ದೂರು. ಈ ಸರಣಿಯಲ್ಲಿ ಥೇಮ್ಸ್ ಒಬ್ಬ ತಾಯಿ. ಫ್ಲೀಟ್, ಟೈಬರ್ನ್ ಅವಳ ಹೆಣ್ಣುಮಕ್ಕಳು; ಲಂಡನ್ ಕಟ್ಟುತ್ತ ಕಟ್ಟುತ್ತ ನೆಲದಡಿಗೆ ನೂಕಿದ ನಿಜವಾದ ನದಿಗಳು ಅವು. ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂದು ಕೇಳುತ್ತ ಬೆಳೆದು, ಅವಳನ್ನು ಮೋರಿಯಾಗಿ ಮಾತ್ರ ಕಂಡಿರುವ ನಿಮ್ಮ ಬಡಾವಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೀಟರನ ತಾಯಿ ಸಿಯೆರಾ ಲಿಯೋನಿನವಳು, ತಂದೆ ಜಾಝ್ ವಾದಕ, ಅವನಿಗೆ ಆಗಬೇಕೆಂದಿದ್ದದ್ದು ವಾಸ್ತುಶಿಲ್ಪಿ. ಲಂಡನ್ನಿನಲ್ಲಿ ಕಟ್ಟಡ ಕಂಡರೆ ಸಾಕು, ಅದರ ಜಾತಕ ಹೇಳುತ್ತಾನೆ. ಅಂಥವನು ಹೊಲ-ಕಾಡುಗಳ ಮುಂದೆ ಅಕ್ಷರ ಬಾರದವನಂತೆ ನಿಲ್ಲುವುದೇ ಐದನೆಯ ಸಂಪುಟದ ಬಲ. ಥೇಮ್ಸ್ ತಾಯಿಯ ಇನ್ನೊಬ್ಬ ಮಗಳು ಬೆವರ್ಲಿ ಬ್ರೂಕ್, ಲಂಡನ್ನಿನಲ್ಲಿ ಇಂದಿಗೂ ಬಹುಪಾಲು ಬಯಲಲ್ಲೇ ಹರಿಯುವ ತೊರೆ. ಅವಳು ಅವನ ಬೆನ್ನಿಗೆ ನಿಲ್ಲಲು ಪರನದಿಗಳ ಸೀಮೆಗೆ ಕಾಲಿಡುವುದು ಎಷ್ಟು ದೊಡ್ಡ ಮಾತೆಂಬುದೂ ತವರು ನೋಡಿದವರಿಗೇ ಗೊತ್ತಾಗುತ್ತದೆ.

ಆದ್ದರಿಂದ ಮೊದಲನೆಯದಕ್ಕೆ ಹೋಗಿ. ಸಮಯವಿಲ್ಲದಿದ್ದರೆ ನಡುವಿನ ಎರಡನ್ನು ಬಿಡಿ, ನಾಲ್ಕನೆಯ ‘ಬ್ರೋಕನ್ ಹೋಮ್ಸ್’ ಮಾತ್ರ ಬಿಡಬೇಡಿ. ಕೊನೆ ಗೊತ್ತಾಗಿಹೋಯಿತೆಂದು ಹಿಂಜರಿಯಬೇಡಿ. ಕರ್ಣನ ಗತಿ ಗೊತ್ತಿದ್ದೂ ನಾವು ಗಮಕ ಕೇಳಲು ಕೂರುತ್ತೇವೆ. ಐದನೆಯದನ್ನು ಮತ್ತೊಮ್ಮೆ ಓದಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ