ಪ್ರೌಢಶಾಲೆಯಲ್ಲಿ ಮನಸ್ಸಿನ ಪಾಠ ಮಾಡುವವರು ಯಾರು?

ಮಾನ್ಯರೇ,

ಪ್ರೌಢಶಾಲೆಗಳಲ್ಲಿ ಮಾನಸಿಕ ಆರೋಗ್ಯದ ಪಾಠ ಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ಓದಿ, ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯಾದ ತಾವು ಎರಡು ಆಕ್ಷೇಪಗಳನ್ನೂ ಒಂದು ಪ್ರಶ್ನೆಯನ್ನೂ ಕಳಿಸಿದ್ದೀರಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಪಠ್ಯ ಮುಗಿಸಲೇ ಸಮಯ ಸಾಲದು ಎಂಬುದು ಮೊದಲನೆಯದು. ಆತ್ಮಹತ್ಯೆಯ ಮಾತೆತ್ತಿದರೆ ಇಲ್ಲದ ಯೋಚನೆ ಮಕ್ಕಳ ತಲೆಗೆ ಹೊಕ್ಕೀತು ಎಂಬುದು ಎರಡನೆಯದು. ಮಗು ಹೇಳಿಕೊಂಡದ್ದನ್ನು ಮನೆಯವರಿಗೆ ತಿಳಿಸಬೇಕೇ ಎಂಬುದು ಪ್ರಶ್ನೆ.

ಎರಡನೆಯ ಆಕ್ಷೇಪ ಬಹಳ ಜನರಲ್ಲಿದೆಯಾದರೂ, ನೇರವಾಗಿ ವಿಚಾರಿಸುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ ಎಂದೇ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. 13ರಿಂದ 17 ವರ್ಷದವರಲ್ಲಿ ಶೇ 7ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆಯಿದೆ ಎಂದು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಅಂದಾಜು ಮಾಡಿತ್ತು. ಪ್ರಾರ್ಥನೆಯ ಹೊತ್ತಿಗೆ ದಿನವೂ ಹೊಟ್ಟೆನೋವೆನ್ನುವ ಒಂಬತ್ತನೇ ತರಗತಿಯ ಹುಡುಗಿಗೆ ಮನೆಯಲ್ಲಿ ತಾಯತ ಕಟ್ಟುತ್ತಾರೆ, ಶಾಲೆಯಲ್ಲಿ ನೆಪವೆನ್ನುತ್ತಾರೆ. ತನಗಾಗುತ್ತಿರುವುದನ್ನು ಹೇಳಲು ಅವಳಿಗೆ ಮಾತುಗಳೇ ಇರುವುದಿಲ್ಲ. ನಾವು ಬೇಕೆನ್ನುವ ಪಾಠ ಆ ಮಾತುಗಳನ್ನು ಕೊಡುವಂಥದ್ದು. ಗೆಳತಿಯೊಬ್ಬಳು ಬದುಕೇ ಬೇಡವೆಂದರೆ ಗುಟ್ಟು ಕಾಯುವುದಾಗಿ ಭಾಷೆ ಕೊಡಬಾರದು, ಅವಳನ್ನು ಒಂಟಿಯಾಗಿ ಬಿಡಬಾರದು, ಅಂದೇ ನಂಬಿಕೆಯ ಹಿರಿಯರೊಬ್ಬರಿಗೆ ಹೇಳಬೇಕು, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು ಎಂಬಷ್ಟನ್ನು ಕಲಿಸಲು ಒಂದೆರಡು ಪಿರಿಯಡ್ ಸಾಕು. ಇದಕ್ಕೆ ಪರೀಕ್ಷೆ ಮಾತ್ರ ಖಂಡಿತ ಬೇಡ. ‘ಖಿನ್ನತೆಯ ನಾಲ್ಕು ಲಕ್ಷಣಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬಂದ ದಿನವೇ ಅದೂ ಬಾಯಿಪಾಠವಾಗುತ್ತದೆ.

ಸಮಯ ಸಾಲದೆಂಬ ಮೊದಲ ಆಕ್ಷೇಪವನ್ನು ನಾವು ಬಹುಪಾಲು ಒಪ್ಪುತ್ತೇವೆ. ಈ ಕೆಲಸವನ್ನು ಶಿಕ್ಷಕರ ಮೇಲೆಯೇ ಹೊರಿಸಿದರೆ ಫಲ ಸಿಗದು ಎಂಬುದಕ್ಕೆ ಗಟ್ಟಿ ಆಧಾರವೂ ಇದೆ. ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಕಾರ್ಯಕ್ರಮವನ್ನು ಕೆಲವೆಡೆ ಶಿಕ್ಷಕರ ಕೈಯಲ್ಲಿ, ಕೆಲವೆಡೆ ಅದಕ್ಕೆಂದೇ ತರಬೇತಿ ಪಡೆದ ಆಪ್ತಸಮಾಲೋಚಕರ ಕೈಯಲ್ಲಿ ನಡೆಸಿ ಹೋಲಿಸಿದರು. ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗೋಡೆ ಪತ್ರಿಕೆ, ಪ್ರಾರ್ಥನೆಯ ವೇಳೆಯ ಮಾತುಕತೆ, ಮಕ್ಕಳು ಅಳಲು ಬರೆದು ಹಾಕುವ ಪೆಟ್ಟಿಗೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುವುದು ಎಲ್ಲವೂ ಅದರಲ್ಲಿದ್ದವು. ಸಮಾಲೋಚಕರಿದ್ದ ಶಾಲೆಗಳಲ್ಲಿ ಮಕ್ಕಳ ನಡುವಿನ ಪೀಡನೆಯೂ ಖಿನ್ನತೆಯ ಲಕ್ಷಣಗಳೂ ಕಡಿಮೆಯಾದವು. ಶಿಕ್ಷಕರೇ ನಡೆಸಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆ ಸಮಾಲೋಚಕರು ಮನೋವೈದ್ಯರೇನಲ್ಲ ಎಂಬುದನ್ನು ನಮ್ಮ ಶಿಕ್ಷಣ ಇಲಾಖೆ ಗಮನಿಸಬೇಕು. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ 2020ರಿಂದ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಗುರುತಿಸುತ್ತಿದೆ. ಕೆಲಸ ಅಲ್ಲಿಗೇ ನಿಂತರೆ ನಿಮ್ಮ ಹೊರೆಗೆ ಇನ್ನೊಂದು ಸೇರಿದಂತಾಯಿತು, ಅಷ್ಟೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರೊಬ್ಬರು ಇರಲೇಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಶಿಕ್ಷಕರ ಸಂಘಗಳು ವೇತನ, ವರ್ಗಾವಣೆಯ ಬೇಡಿಕೆಗಳ ಜೊತೆಗೇ ಇದನ್ನೂ ಇಟ್ಟು ಪಟ್ಟು ಹಿಡಿಯಬೇಕೆಂದು ನಮ್ಮ ಆಗ್ರಹ.

ಇನ್ನು ನಿಮ್ಮ ಪ್ರಶ್ನೆ. ಸ್ನೇಹ, ಓದು, ಸಂಕೋಚಗಳ ಸಂಗತಿಯಾದರೆ ಮಗುವಿನ ಗುಟ್ಟು ನಿಮ್ಮಲ್ಲಿಯೇ ಉಳಿಯಲಿ. ಸ್ಟಾಫ್ ರೂಮಿನ ಮಾತಿಗೂ ಅದು ವಸ್ತುವಾಗಬಾರದು. ಜೀವಕ್ಕೆ ಅಪಾಯವಿದ್ದಾಗ ಮುಚ್ಚಿಡುವಂತಿಲ್ಲ: ‘ಇದನ್ನು ನಾನು ಇಂಥವರಿಗೆ ಹೇಳಲೇಬೇಕು, ನೀನೂ ಜೊತೆಗಿರು’ ಎಂದು ಮೊದಲು ಮಗುವಿಗೆ ತಿಳಿಸಿ, ಆಮೇಲೆ ಮನೆಯವರನ್ನು ಕರೆಸಿ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಹಿಂಸೆ ಮನೆಯಿಂದಲೇ ಬರುತ್ತಿದ್ದರೆ ಮನೆಗೆ ಫೋನ್ ಮಾಡುವ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ.

– ಸಂಪಾದಕ