ಲೈಟ್ ಬಿಲ್ ಕಟ್ಟಲಿಕ್ಕೂ ಆಧಾರ್ ಕೇಳುತ್ತಾರೆ, ಕೊಡಲೇಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿಯಿಂದ ವರ್ಗವಾಗಿ ಡೊಂಬಿವಲಿಗೆ ಬಂದಿದ್ದೀರಿ, ಬಾಡಿಗೆ ಮನೆ. ಬ್ಯಾಂಕಿನವರು ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ, ಮತ್ತೆ ಕೊಡಿ ಅನ್ನುತ್ತಿದ್ದಾರೆ. ಲೈಟ್ ಬಿಲ್ ಕಟ್ಟಲು ಹೋದರೆ ಅಂಗಡಿಯವನು ಆಧಾರ್ ಜೆರಾಕ್ಸ್ ಇಟ್ಟುಕೊಂಡ. ಊರಿಗೆ ನಗದು ಕಳಿಸಲು ಹೋದರೆ ಅಲ್ಲೂ ಐಡಿ. ಇದೆಲ್ಲ ಕಾನೂನಾ, ಇಲ್ಲ ಇವರು ಸುಮ್ನೆ ಕೇಳುತ್ತಾರಾ?

ಎರಡೂ ಇದೆ. ನಾನು ಮುಂಬೈಯಲ್ಲಿ ಬ್ಯಾಂಕ್ ಕೌಂಟರಿನ ಒಳಗಡೆ ಕೂತು ನಿವೃತ್ತನಾದವನು. ಈಗ ಭಾನುವಾರ ಬಂತೆಂದರೆ ನಮ್ಮ ಕನ್ನಡ ಸಂಘದಲ್ಲಿ ಹೋಟೆಲ್ ಹುಡುಗರಿಗೆ, ವಯಸ್ಸಾದವರಿಗೆ ಫಾರ್ಮ್ ತುಂಬಿಕೊಡುತ್ತೇನೆ. ಕೇಳುವವರ ಕಷ್ಟ, ಕೊಡುವವರ ಕಷ್ಟ ಎರಡೂ ಗೊತ್ತು. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ದುಡ್ಡು ಇಡುವ, ತೆಗೆಯುವ, ಇನ್ನೊಬ್ಬರಿಗೆ ಕಳಿಸುವ ಕಡೆ ನೀವು ಯಾರು ಅಂತ ಕೇಳುವುದರಲ್ಲಿ ಅರ್ಥ ಇದೆ. ಬಾಕಿ ತೀರಿಸಲು ಬಂದವರನ್ನು ಹಾಗೆ ಕೇಳುವುದರಲ್ಲಿ ಅರ್ಥ ಇಲ್ಲ.

ಲೈಟ್ ಬಿಲ್ ವಿಷಯ ಮೊದಲು ಮುಗಿಸೋಣ. ಡೊಂಬಿವಲಿಯಲ್ಲಿ ಕರೆಂಟ್ ಕೊಡುವುದು ಮಹಾವಿತರಣ. ಬಿಲ್ಲಿನ ಮೇಲೆ 12 ಅಂಕಿಯ ಗ್ರಾಹಕ ಸಂಖ್ಯೆ ಇರುತ್ತದೆ. ಕಟ್ಟಲು ಬೇಕಾದ್ದು ಅದೊಂದೇ. ದಾದರ್, ಮಾಟುಂಗಾ ಕಡೆ ಬೆಸ್ಟ್, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ, ಅಲ್ಲೂ ಇದೇ ಕತೆ. ನಂಬರ್ ಗೊತ್ತಿದ್ದರೆ ಯಾರ ಬಿಲ್ಲನ್ನು ಯಾರು ಬೇಕಾದರೂ ಕಟ್ಟಬಹುದು. ಮುಂಬೈಯಲ್ಲಿ ಬಾಡಿಗೆಗೆ ಇರುವವರ ಬಿಲ್ ಸಾಮಾನ್ಯವಾಗಿ ಓನರ್ ಹೆಸರಿನಲ್ಲೇ ಬರುತ್ತದೆ. ಹೆಸರು ತಾಳೆ ನೋಡಿಯೇ ದುಡ್ಡು ತೆಗೆದುಕೊಳ್ಳುತ್ತೇವೆ ಅಂತ ಹೊರಟರೆ ಊರಿಗೆ ಊರೇ ಕತ್ತಲಲ್ಲಿ ಕೂರಬೇಕಾದೀತು. ಬೇರೆಯವರ ಬಿಲ್ಲನ್ನು ಕದ್ದುಮುಚ್ಚಿ ಕಟ್ಟಿ ಹೋಗುವ ಕಳ್ಳ ಯಾರಾದರೂ ಸಿಕ್ಕಿದರೆ ನನ್ನ ವಿಳಾಸವನ್ನೂ ಕೊಡಿ.

ನಗದಿಗೆ ಮಾತ್ರ ಒಂದು ಮಿತಿ ಇದೆ. ಮಹಾವಿತರಣ 2023ರ ಆಗಸ್ಟ್‌ನಿಂದ ಮನೆ ಬಿಲ್ಲಿಗೆ 5,000 ರೂಪಾಯಿವರೆಗೆ ಮಾತ್ರ ನಗದು ತೆಗೆದುಕೊಳ್ಳುತ್ತದೆ. ಅದು ದುಡ್ಡಿನ ಮಿತಿ, ಗುರುತಿನ ಚೀಟಿಗೂ ಅದಕ್ಕೂ ಸಂಬಂಧ ಇಲ್ಲ. ಹೊಸ ಕನೆಕ್ಷನ್, ಹೆಸರು ಬದಲಾವಣೆ, ಹೊಸ ಗ್ಯಾಸ್ ಅಂತಾದರೆ ಕಾಗದ ಕೊಡಬೇಕು, ಅದು ಬೇರೆ ವಿಷಯ.

ಹಾಗಾದರೆ ಅಂಗಡಿಯವನು ಯಾಕೆ ಕೇಳಿದ? ಇಂಥ ಅಂಗಡಿಗಳಲ್ಲಿ ಸಿಮ್ ಕಾರ್ಡ್, ದುಡ್ಡು ಕಳಿಸುವುದು, ಬಿಲ್, ಜೆರಾಕ್ಸ್ ಎಲ್ಲ ಒಂದೇ ಟೇಬಲ್ಲಿನ ಮೇಲೆ ನಡೆಯುತ್ತದೆ. ಒಂದು ಕೆಲಸಕ್ಕೆ ಬೇಕಾದ ಐಡಿಯನ್ನು ಎಲ್ಲ ಕೆಲಸಕ್ಕೂ ಕೇಳುವ ಅಭ್ಯಾಸ ಬಿದ್ದಿರುತ್ತದೆ. ‘ಬಿಲ್ಲಿಗೆ ಆಧಾರ್ ಬೇಡ, ರಸೀದಿ ಕೊಡಿ’ ಅಂತ ನಗುತ್ತಲೇ ಹೇಳಿ. ಒಪ್ಪದಿದ್ದರೆ ಫೋನಿನಲ್ಲೇ ಕಟ್ಟಿಬಿಡಿ.

ಊರಿಗೆ ನಗದು ಕಳಿಸುವಾಗ ಕೇಳಿದ್ದು ಮಾತ್ರ ಸರಿ. ಕೌಂಟರಿನಲ್ಲಿ ನೋಟು ಕೊಟ್ಟು ಇನ್ನೊಬ್ಬರ ಖಾತೆಗೆ ಹಾಕಿಸುವವರ ಮೊಬೈಲ್ ನಂಬರ್ ಪರಿಶೀಲಿಸಬೇಕು, ಅವರೇ ಸಹಿ ಮಾಡಿದ ಗುರುತಿನ ದಾಖಲೆ ತೆಗೆದುಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕ್ (ಆರ್‌ಬಿಐ) 2024ರ ಜುಲೈನಲ್ಲಿ ಹೇಳಿತು. ನವೆಂಬರ್ 1ರಿಂದ ಅದು ಜಾರಿಗೆ ಬಂತು. ಯಾದಗಿರಿ, ಕಲಬುರಗಿ ಕಡೆಯಿಂದ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವರಿಗೆ ಇದರಿಂದ ತೊಂದರೆ ಜಾಸ್ತಿ ಆಯಿತು. ಆದರೆ ಕದ್ದ ದುಡ್ಡು ಇದೇ ದಾರಿಯಲ್ಲಿ ಕೈ ಬದಲಾಯಿಸುತ್ತಿತ್ತು ಎನ್ನುವುದೂ ನಿಜ. ನಿಮಗೆ ಖಾತೆ ಇದೆ. ಅದರಿಂದಲೇ ಕಳಿಸಿ, ಯಾರೂ ಏನೂ ಕೇಳುವುದಿಲ್ಲ.

ಈಗ ಬ್ಯಾಂಕು. ಇಲ್ಲಿ ಕಾನೂನು ಗಟ್ಟಿಯಾಗಿದೆ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, ಅದರ ಕೆಳಗೆ ಆರ್‌ಬಿಐ ಕೊಟ್ಟ ಕೆವೈಸಿ ನಿರ್ದೇಶನ. ಗುರುತು ನೋಡದೆ ಖಾತೆ ಇಡಲು ಬ್ಯಾಂಕಿಗೆ ಅವಕಾಶವೇ ಇಲ್ಲ. ಹಾಗಂತ ಕೆವೈಸಿ ಅಂದರೆ ಆಧಾರ್ ಒಂದೇ ಅಲ್ಲ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಆಧಾರ್, ನರೇಗಾ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ, ಈ ಆರರಲ್ಲಿ ಯಾವುದಾದರೂ ನಡೆಯುತ್ತದೆ. ಜೊತೆಗೆ ಪ್ಯಾನ್. ಪ್ಯಾನ್ ಇಲ್ಲದವರಿಗೆ ಅದರ ಬದಲು ಒಂದು ಘೋಷಣೆಯ ಫಾರ್ಮ್ ಇದೆ.

ಆಧಾರ್ ಕಡ್ಡಾಯ ಎನ್ನುವ ಮಾತು 2017ರ ಸುಮಾರಿನ ಗಲಾಟೆಯಿಂದ ಜನರ ತಲೆಯಲ್ಲಿ ಉಳಿದುಹೋಗಿದೆ. ಆಗ ಖಾತೆಗೆ, ಸಿಮ್‌ಗೆ ಎಲ್ಲಕ್ಕೂ ಜೋಡಿಸಿ ಅಂತ ದಿನಾ ಮೆಸೇಜು. ಕೌಂಟರಿನಲ್ಲಿ ಕೂತ ನಮಗೂ ಉಸಿರಾಡಲು ಪುರುಸೊತ್ತು ಇರಲಿಲ್ಲ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಆ ಕಡ್ಡಾಯ ಜೋಡಣೆಯನ್ನು ತೆಗೆದುಹಾಕಿತು. ಖಾಸಗಿ ಕಂಪನಿಗಳು ಆಧಾರ್ ಬಳಸಲು ಬಿಡುತ್ತಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವೂ ಹೋಯಿತು. ಪ್ಯಾನ್ ಜೋಡಣೆ ಮಾತ್ರ ಉಳಿಯಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಮರುವರ್ಷ, 2019ರಲ್ಲಿ, ಕಾಯ್ದೆ ತಿದ್ದಿ ಬ್ಯಾಂಕು ಮತ್ತು ಟೆಲಿಕಾಂಗೆ ಮತ್ತೆ ದಾರಿ ಮಾಡಿಕೊಟ್ಟರು. ಆದರೆ ಗ್ರಾಹಕರು ತಾವಾಗಿ ಒಪ್ಪಿದರೆ ಮಾತ್ರ. ಆಧಾರ್ ಇಲ್ಲ ಅಂತ ಬ್ಯಾಂಕ್ ಸೇವೆ ನಿರಾಕರಿಸುವಂತಿಲ್ಲ ಎನ್ನುವುದೂ ಅದರಲ್ಲೇ ಇದೆ. ಸರಕಾರಿ ಸಬ್ಸಿಡಿ ಖಾತೆಗೆ ಬರಬೇಕಾದರೆ ಮಾತು ಬೇರೆ.

‘ಖಾತೆ ತೆರೆಯುವಾಗ ಕೊಟ್ಟಿದ್ದೇನೆ, ಮತ್ತೆ ಯಾಕೆ’ ಅಂತ ಕೇಳಿದ್ದೀರಿ. ನಿಯಮ ಹೀಗಿದೆ: ರಿಸ್ಕ್ ಕಡಿಮೆ ಇರುವ ಗ್ರಾಹಕರಿಗೆ 10 ವರ್ಷಕ್ಕೊಮ್ಮೆ, ಮಧ್ಯಮದವರಿಗೆ 8, ಜಾಸ್ತಿ ರಿಸ್ಕಿನವರಿಗೆ 2. ಸಂಬಳದ ಖಾತೆಯವರು ಸಾಮಾನ್ಯವಾಗಿ ಮೊದಲ ಗುಂಪು. ಕೊಟ್ಟ ಮಾಹಿತಿಯಲ್ಲಿ ಏನೂ ಬದಲಾಗದಿದ್ದರೆ ‘ಬದಲಾವಣೆ ಇಲ್ಲ’ ಅಂತ ಒಂದು ಸ್ವಯಂ ಘೋಷಣೆ ಸಾಕು. ಅದನ್ನು ನೋಂದಾಯಿಸಿದ ಮೊಬೈಲ್, ಇಮೇಲ್, ಎಟಿಎಂ, ನೆಟ್ ಬ್ಯಾಂಕಿಂಗ್, ಪತ್ರ ಯಾವುದರಿಂದ ಬೇಕಾದರೂ ಕೊಡಬಹುದು. ಇದಕ್ಕಾಗಿ ಬ್ರಾಂಚಿಗೆ ಬರಬೇಕಿಲ್ಲ ಅಂತ 2023ರ ಜನವರಿಯಲ್ಲಿ ಆರ್‌ಬಿಐ ಮತ್ತೆ ಒತ್ತಿ ಹೇಳಿತು. 2025ರ ಜೂನ್‌ನಲ್ಲಿ ಇನ್ನೊಂದು ಸೇರಿತು. ಗಡುವಿಗೆ ಮೊದಲು ಬ್ಯಾಂಕ್ ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಪತ್ರದ ಮೂಲಕ. ಗಡುವು ದಾಟಿದ ಮೇಲೆ ಇನ್ನೂ ಮೂರು ಜ್ಞಾಪನೆ. ಯಾವ ಸುದ್ದಿಯೂ ಇಲ್ಲದೆ ಒಂದು ಬೆಳಗ್ಗೆ ಯುಪಿಐ ನಿಂತುಹೋಯಿತು ಅಂತಾದರೆ ಈ ಪತ್ರ ಯಾವತ್ತು ಕಳಿಸಿದಿರಿ ಅಂತ ಕೇಳುವ ಹಕ್ಕು ನಿಮಗಿದೆ.

ನಿಮ್ಮ ನಿಜವಾದ ತೊಂದರೆ ವಿಳಾಸದ್ದು ಅನ್ನಿಸುತ್ತದೆ. ಮುಂಬೈಗೆ ಬಂದವರೆಲ್ಲ ಎಡವುವುದು ಇಲ್ಲೇ. ಆಧಾರ್‌ನಲ್ಲಿ ಹುಬ್ಬಳ್ಳಿ, ಇರುವುದು ಡೊಂಬಿವಲಿ, ಲೈಟ್ ಬಿಲ್ ಓನರ್ ಹೆಸರಲ್ಲಿ. ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರು 11 ತಿಂಗಳಿಗೆ, ಆಮೇಲೆ ಮನೆಯೇ ಬದಲಾಗಬಹುದು. ಪ್ರತಿ ಸಲ ಆಧಾರ್ ತಿದ್ದಿಸುತ್ತಾ ಕೂರಲು ಆಗುತ್ತದಾ? ಬೇಕಾಗಿಯೂ ಇಲ್ಲ. ಬೆರಳಚ್ಚು ಅಥವಾ ಒಟಿಪಿ ಕೊಟ್ಟು ಆಧಾರ್ ಇ-ಕೆವೈಸಿ ಮಾಡಿಸಿದರೆ, ಈಗ ಇರುವ ವಿಳಾಸ ಬೇರೆ ಅಂತ ನೀವೇ ಬರೆದುಕೊಟ್ಟ ಘೋಷಣೆ ನಡೆಯುತ್ತದೆ. ಹಳೆ ಖಾತೆಯಲ್ಲಿ ವಿಳಾಸ ಮಾತ್ರ ಬದಲಾಗಿದ್ದರೂ ಘೋಷಣೆ ಕೊಡಬಹುದು. ಬ್ಯಾಂಕ್ ಎರಡು ತಿಂಗಳೊಳಗೆ ಆ ವಿಳಾಸವನ್ನು ಖಚಿತ ಮಾಡಿಕೊಳ್ಳಬೇಕು, ಅಷ್ಟೇ. ಮಹಾರಾಷ್ಟ್ರದಲ್ಲಿ ಕರಾರು ನೋಂದಾಯಿಸುವುದು ಕಡ್ಡಾಯ. ಹಾಗಾಗಿ ನೋಂದಣಿ ಆದ ಪ್ರತಿ ಕೈಯಲ್ಲಿರಲಿ, ಬರೇ ಸ್ಟಾಂಪ್ ಪೇಪರ್ ಮೇಲಿನದಕ್ಕೆ ಬೆಲೆ ಇಲ್ಲ. ನಿಮ್ಮ ಮನೆಯವರ ಹೆಸರು ಮದುವೆ ಆದ ಮೇಲೆ ಬದಲಾಗಿದ್ದರೆ ಹಳೆ ಹೆಸರಿನ ದಾಖಲೆಯ ಜೊತೆ ಮದುವೆ ಸರ್ಟಿಫಿಕೇಟ್ ಕೊಟ್ಟರಾಯಿತು. ಇದನ್ನು ಎಷ್ಟೋ ಕೌಂಟರಿನಲ್ಲಿ ಹೇಳುವುದೇ ಇಲ್ಲ.

ಇನ್ನು ಫಾರ್ಮಿನಲ್ಲಿ ಓದು ಎಷ್ಟು, ಕಾರು ಇದೆಯಾ, ಹೆಂಡತಿಯ ಕೆಲಸ ಏನು ಅಂತೆಲ್ಲ ಕಾಲಂ ಇರುತ್ತದೆ. ಅದರಲ್ಲಿ ಬಹಳಷ್ಟು ನಿಮಗೆ ಇನ್ಶೂರೆನ್ಸ್ ಮಾರಲಿಕ್ಕೆ. ಕೆವೈಸಿಗೆ ಬೇಕಾದ್ದಕ್ಕಿಂತ ಹೆಚ್ಚಿನ ಮಾಹಿತಿಯನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಕೇಳಬಾರದು, ಕೊಟ್ಟದ್ದನ್ನು ಮಾರಾಟಕ್ಕೆ ಬಳಸಬಾರದು ಅಂತ ಆರ್‌ಬಿಐ ನಿರ್ದೇಶನದಲ್ಲೇ ಇದೆ. ಯಾವುದು ಕಡ್ಡಾಯ ಅಂತ ಕೇಳಿ. ಉಳಿದ ಕಾಲಂಗಳಿಗೆ ಒಂದು ಗೀಟು ಎಳೆಯಿರಿ.

ಹಿಂದೆ ಇದೆಲ್ಲ ಇರಲಿಲ್ಲ, ಎಷ್ಟು ಚೆನ್ನಾಗಿತ್ತು ಅನ್ನುವ ಹಿರಿಯರು ನಮ್ಮ ಸಂಘದಲ್ಲಿ ಬಹಳ. ನಾನು ಒಪ್ಪುವುದಿಲ್ಲ. ಆಗ ಖಾತೆ ತೆರೆಯಲು ಹಳೆ ಖಾತೆದಾರರೊಬ್ಬರು ಪರಿಚಯ ಅಂತ ಸಹಿ ಹಾಕಬೇಕಿತ್ತು. ಫೋರ್ಟ್ ಕಡೆ ಉಡುಪಿ ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗನಿಗೆ ಧಣಿ ಸಹಿ ಹಾಕಿದರೆ ಖಾತೆ, ಇಲ್ಲದಿದ್ದರೆ ಇಲ್ಲ. ಸಂಬಳ ಧಣಿಯ ಹತ್ತಿರವೇ ಜಮಾ. ಈಗ ಪರಿಚಯದ ಸಹಿ ಬೇಡ. ದಾಖಲೆ ಒಂದೂ ಇಲ್ಲದವರಿಗೂ ಬ್ಯಾಂಕ್ ಅಧಿಕಾರಿಯ ಎದುರು ಫೋಟೋಗೆ ಸಹಿ ಹಾಕಿ ‘ಸಣ್ಣ ಖಾತೆ’ ತೆರೆಯಲು ಅವಕಾಶ ಇದೆ. ಅದರಲ್ಲಿ ಇರುವ ದುಡ್ಡು 50,000 ದಾಟಬಾರದು, ವರ್ಷಕ್ಕೆ ಜಮಾ ಒಂದು ಲಕ್ಷದೊಳಗೆ, ತಿಂಗಳಿಗೆ 10,000ದವರೆಗೆ ತೆಗೆಯಬಹುದು. 12 ತಿಂಗಳಿಗೆ ಸಿಗುತ್ತದೆ, ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೊಂದು 12. ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಎಲ್ಲೆಂದರಲ್ಲಿ ಕೇಳಿ ಕೇಳಿ, ಕೇಳಿದವರಿಗೆಲ್ಲ ಕೊಡುವ ಅಭ್ಯಾಸ ನಮಗೂ ಆಗಿಬಿಟ್ಟಿದೆ. ನನಗೆ ಸಿಟ್ಟು ಬರುವುದು ಇದಕ್ಕೆ. ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು. ‘ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9:30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ’ ಎನ್ನುವ ಮೆಸೇಜು ಮಹಾರಾಷ್ಟ್ರದಲ್ಲಿ 2022ರ ಹೊತ್ತಿಗೆ ಮನೆಮನೆಗೆ ಬರುತ್ತಿತ್ತು. ಫೋನ್ ಮಾಡಿದರೆ ಒಂದು ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುತ್ತಿದ್ದರು. ‘ಕೆವೈಸಿ ಅವಧಿ ಮುಗಿದಿದೆ’ ಎನ್ನುವ ಲಿಂಕಿನ ಮೆಸೇಜೂ ಅದೇ ಜಾತಿ. ಇನ್ನು ಊರಿನ ಸುದ್ದಿ: 2023ರಲ್ಲಿ ದಕ್ಷಿಣ ಕನ್ನಡದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಆಧಾರ್ ಬೆರಳಚ್ಚಿನ ಪಾವತಿ ಮೂಲಕ ದುಡ್ಡು ಹೋಯಿತು ಅಂತ ದೂರುಗಳು ಬಂದವು. ಬೆರಳಚ್ಚನ್ನು ಬೇರೆಯವರು ಬಳಸದ ಹಾಗೆ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಪೊಲೀಸರೇ ಹೇಳಬೇಕಾಯಿತು.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಕೊಟ್ಟಿತ್ತು. ಎಲ್ಲರಿಗೂ ಜೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಕೊಡಿ ಅಂತ. ಗಾಬರಿ ಆಗುತ್ತದೆ ಅಂತ ಎರಡೇ ದಿನದಲ್ಲಿ ಸರಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಪ್ರಕಟಣೆ ಹೋಯಿತು, ಆದರೆ ಮಾಸ್ಕ್ ಆಧಾರ್ ಹೋಗಲಿಲ್ಲ. ಅವರದೇ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಆಗುತ್ತದೆ. ಬ್ಯಾಂಕಿಗೆ ಬರೇ ಪ್ರತಿ ಕೊಡುವಾಗಲೂ ನಂಬರನ್ನು ಮುಚ್ಚಿಸಿಯೇ ತೆಗೆದುಕೊಳ್ಳಬೇಕು ಎನ್ನುವ ನಿಯಮ ಇದೆ. ನಾನಂತೂ ಜೆರಾಕ್ಸಿನ ಮೇಲೆ ಅಡ್ಡಲಾಗಿ ಯಾರಿಗೆ, ಯಾತಕ್ಕೆ, ಯಾವ ತಾರೀಖು ಅಂತ ಬರೆದು ಸಹಿ ಹಾಕಿಸುತ್ತೇನೆ.

ಬ್ಯಾಂಕ್ ಒಪ್ಪದಿದ್ದರೆ ಕೌಂಟರಿನಲ್ಲಿ ಜಗಳ ಬೇಡ. ಅಲ್ಲಿ ಕೂತವರಿಗೆ ಅಧಿಕಾರ ಕಡಿಮೆ, ಹೆದರಿಕೆ ಜಾಸ್ತಿ. ತಪ್ಪಿದರೆ ಆಡಿಟ್‌ನಲ್ಲಿ ಅವರ ತಲೆಗೇ ಬರುತ್ತದೆ, ಹಾಗಾಗಿ ಒಂದು ಕಾಗದ ಹೆಚ್ಚೇ ಇರಲಿ ಅನ್ನುತ್ತಾರೆ. ಮ್ಯಾನೇಜರಿಗೆ ಲಿಖಿತವಾಗಿ ಕೊಟ್ಟು ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸರಿ ಕಾಣದಿದ್ದರೆ, ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಅವರ ಸಿಎಂಎಸ್ ಎನ್ನುವ ದೂರಿನ ವೆಬ್‌ಸೈಟಿನಲ್ಲಿ ದೂರು ಕೊಡಿ. ಖರ್ಚಿಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಅಂಗಡಿಯಲ್ಲಿ ಉಳಿದ ಆ ಜೆರಾಕ್ಸನ್ನು ವಾಪಸ್ ಕೇಳಿ ನೋಡಿ. ಸಿಗದಿದ್ದರೆ ಮನೆಗೆ ಬಂದು ಎರಡು ಕೆಲಸ ಮಾಡಿ. ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿ, ಬೇಕಾದಾಗ ತೆರೆಯಬಹುದು. ಆಮೇಲೆ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ನೋಡಿ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ‘ನನ್ನದಲ್ಲ’ ಅಂತ ಒತ್ತಿ.